ಪೇಟೆಯ ಇಂಟರ್ನೆಟ್ ತೋಟಕ್ಕೆ: 3 ಕಿಲೋಮೀಟರ್ ದೂರಕ್ಕೆ ರೇಡಿಯೋ ಹಾಕುವುದು ಹೇಗೆ

ನಮ್ಮ ಮನೆ ಇರುವುದು ತುಮಕೂರು ಜಿಲ್ಲೆಯ ಗುಬ್ಬಿ ಪೇಟೆಯಲ್ಲಿ, ತೋಟ ಇರುವುದು ಅಲ್ಲಿಂದ ಸುಮಾರು 3 ಕಿಲೋಮೀಟರ್ ಆಚೆ. ಮನೆಗೆ ಫೈಬರ್ ಬಂದು ವರ್ಷಗಳೇ ಆದವು. ತೋಟದ ಮನೆಯಲ್ಲಿ ಮಾತ್ರ ಟವರ್ ಸಿಗುವುದಿಲ್ಲ, ಫೋನ್ ಮಾಡಬೇಕಾದರೆ ಕಣದ ತುದಿಗೆ ಹೋಗಿ ನಿಲ್ಲಬೇಕು. ಒಂದು ರಾತ್ರಿ ಯಾರೋ ಬೋರ್‌ವೆಲ್ ಪಂಪಿನ ಕೇಬಲ್ ಕತ್ತರಿಸಿಕೊಂಡು ಹೋದ ಮೇಲೆ ಚಿಕ್ಕಪ್ಪ ಕ್ಯಾಮೆರಾ ಹಾಕಲೇಬೇಕು ಅಂತ ಹಟ ಹಿಡಿದರು. ಕ್ಯಾಮೆರಾ ಹಾಕುವುದೇನೋ ಸುಲಭ. ಅದರ ಚಿತ್ರ ಮನೆಗೆ ಬರುವುದು ಹೇಗೆ? ಅಲ್ಲಿಂದ ಶುರುವಾಯಿತು ನನ್ನ ಈ ರೇಡಿಯೋ ಹುಚ್ಚು.

"ತಂತಿ ಇಲ್ದೆ ಅಷ್ಟು ದೂರ ಹೋಗುತ್ತೇನೋ ಮಗಾ?" ಅಂತ ಚಿಕ್ಕಪ್ಪ ಕೇಳಿದ್ದರು. ಹೋಗುತ್ತದೆ. ಮನೆ ಮೇಲೊಂದು, ತೋಟದ ಮನೆ ಮೇಲೊಂದು, ಒಟ್ಟು ಎರಡು ರೇಡಿಯೋ. ಒಂದರ ಮುಖ ಇನ್ನೊಂದರ ಕಡೆ. ಇವೆರಡರ ನಡುವೆ ಕಣ್ಣಿಗೆ ಕಾಣದ ಒಂದು ಲ್ಯಾನ್ ಕೇಬಲ್ ಎಳೆದಿದ್ದೀರಿ ಅಂದುಕೊಳ್ಳಿ, ಅಷ್ಟೇ. ಮನೆಯ ವೈಫೈ ರೂಟರ್ ಬಲ್ಬಿನ ಹಾಗೆ ಸುತ್ತಲೂ ಬೆಳಕು ಚೆಲ್ಲುತ್ತದೆ, ಅದಕ್ಕೇ ನಾಲ್ಕು ಗೋಡೆ ದಾಟುವಷ್ಟರಲ್ಲಿ ಸುಸ್ತು. ಈ ರೇಡಿಯೋ ಟಾರ್ಚ್ ಇದ್ದ ಹಾಗೆ. ಅದೇ ಬೆಳಕನ್ನು ಒಂದೇ ಕಡೆಗೆ ಒಟ್ಟು ಮಾಡಿ ಬಿಡುತ್ತದೆ, ಆ ಕೆಲಸ ಮಾಡುವುದು ಅದರ ಡಿಶ್ ಆಂಟೆನಾ.

ಮೊದಲೇ ಒಂದು ಮಾತು. ನಿಮಗೆ ಬೇಕಿರುವುದು ಬರೀ ಮೋಟರ್ ಆನ್ ಆಫ್ ಮಾಡುವುದಾದರೆ ಇದೆಲ್ಲ ಬೇಡ. ಸ್ವಲ್ಪ ಟವರ್ ಇರುವ ಕಡೆ ಮೊಬೈಲ್ ಸ್ಟಾರ್ಟರ್ ಸಾಕು. ಟವರ್ ಇಲ್ಲದಿದ್ದರೆ ಲೋರಾ ಅನ್ನುವ ಇನ್ನೊಂದು ಜಾತಿಯ ರೇಡಿಯೋ ಇದೆ. ಅದು 865ರಿಂದ 867 ಮೆಗಾಹರ್ಟ್ಜ್‌ನಲ್ಲಿ ಕೆಲಸ ಮಾಡುತ್ತದೆ, ಮರಗಿಡಗಳ ನಡುವೆಯೂ ಚೆನ್ನಾಗಿ ನುಸುಳುತ್ತದೆ, ಸಣ್ಣ ಬ್ಯಾಟರಿಯಲ್ಲಿ ತಿಂಗಳುಗಟ್ಟಲೆ ಓಡುತ್ತದೆ. ಆದರೆ ತೊಟ್ಟಿಯಲ್ಲಿ ನೀರು ಎಷ್ಟಿದೆ, ಮೋಟರ್ ಓಡುತ್ತಿದೆಯಾ ಇಲ್ಲವಾ ಅನ್ನುವಂಥ ಚಿಕ್ಕ ಸುದ್ದಿಯನ್ನಷ್ಟೇ ಹೊರುತ್ತದೆ. ವಿಡಿಯೋ ಬೇಕು ಅಂದರೆ 5 ಗಿಗಾಹರ್ಟ್ಜ್ ರೇಡಿಯೋನೇ ಗತಿ. ಮುಂದೆ ಹೇಳುವುದೆಲ್ಲ ಅದರ ಬಗ್ಗೆ.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರೋಣ. ಮನೆ ಮೇಲೆ ನಿಂತರೆ ತೋಟದ ಮನೆ ಕಾಣಬೇಕು, ಅದು ಮೊದಲ ಶರತ್ತು. ನಾನು ಟ್ಯಾಂಕಿನ ಮೇಲೆ ಹತ್ತಿ ನೋಡಿದೆ. ಎರಡು ತೆಂಗಿನ ಮರಗಳ ಸಂದಿಯಲ್ಲಿ ತೋಟದ ಮನೆಯ ಶೀಟು ಫಳಫಳ ಹೊಳೆಯುತ್ತಿತ್ತು. ಕಂಡಿತಲ್ಲ, ಸಾಕು ಅಂದುಕೊಂಡೆ. ಸಾಕಾಗಲಿಲ್ಲ. ರೇಡಿಯೋ ಅಲೆ ದಾರದ ಹಾಗೆ ಒಂದೇ ಗೆರೆಯಲ್ಲಿ ಹೋಗುವುದಿಲ್ಲ. ಎರಡು ಆಂಟೆನಾ ನಡುವೆ ಅದಕ್ಕೆ ಮೃದಂಗದ ಆಕಾರದ ಜಾಗ ಬೇಕು, ತುದಿಗಳಲ್ಲಿ ಸಣ್ಣ, ನಡುವೆ ದಪ್ಪ. ಇದಕ್ಕೆ ಫ್ರೆನೆಲ್ ವಲಯ ಅನ್ನುತ್ತಾರೆ. 3 ಕಿಲೋಮೀಟರ್ ದೂರಕ್ಕೆ, 5.8 ಗಿಗಾಹರ್ಟ್ಜ್‌ಗೆ ಲೆಕ್ಕ ಹಾಕಿದರೆ ಸರಿಯಾಗಿ ನಡುಮಧ್ಯದಲ್ಲಿ ಈ ಮೃದಂಗದ ತ್ರಿಜ್ಯ 6.2 ಮೀಟರ್. ಅದರಲ್ಲಿ ನೂರಕ್ಕೆ 60 ಭಾಗವಾದರೂ ಖಾಲಿ ಇರಬೇಕು ಅನ್ನುವುದು ಈ ಕೆಲಸದವರ ರೂಢಿ. ಅಂದರೆ ಕಣ್ಣಿನ ಗೆರೆಯ ಸುತ್ತ, ಮೇಲೆ ಕೆಳಗೆ ಎಡ ಬಲ, ಎಲ್ಲ ಕಡೆ ಸುಮಾರು 3.7 ಮೀಟರ್ ಏನೂ ಅಡ್ಡ ಇರಬಾರದು. ಒಂದು ಅಂತಸ್ತಿಗಿಂತ ಜಾಸ್ತಿ ಎತ್ತರ ಅದು! ನನ್ನ ಎರಡು ಮರಗಳ ಸಂದಿ ಎರಡು ಮೀಟರ್ ಕೂಡ ಇರಲಿಲ್ಲ.

ಎಲೆ ಏನು ಮಹಾ ಅಡ್ಡ ಮಾಡುತ್ತದೆ ಅಂತ ಅನಿಸಬಹುದು. ಎಲೆ ಅಂದರೆ ನೀರು. 5 ಗಿಗಾಹರ್ಟ್ಜ್ ಅಲೆಗೆ ನೀರು ಕಂಡರೆ ಆಗುವುದಿಲ್ಲ, ಅರ್ಧಂಬರ್ಧ ಅಲ್ಲೇ ಇಂಗಿಹೋಗುತ್ತದೆ. ಅದೂ ತೆಂಗಿನ ಗರಿ ಸುಮ್ನೆ ನಿಲ್ಲುವ ವಸ್ತುವಲ್ಲ, ಗಾಳಿ ಬಂದರೆ ತೂಗುತ್ತದೆ. ಮಧ್ಯಾಹ್ನ ಚೆನ್ನಾಗಿದ್ದ ಲಿಂಕು ಸಂಜೆ ಗಾಳಿಗೆ ತಟಕ್ಕನೆ ಬೀಳುತ್ತಿದ್ದದ್ದು ಅದಕ್ಕೇ. ಇನ್ನೊಂದು ವಿಷಯ, ನಮ್ಮ ಕಡೆ ಇರುವುದು ಹೆಚ್ಚಾಗಿ ಎತ್ತರದ ತಳಿ, ತಿಪಟೂರು ಟಾಲ್. ಅದು ತಿಂಗಳಿಗೊಂದು ಹೊಸ ಗರಿ ಬಿಡುತ್ತದೆ, ಬೆಳೆಯುತ್ತಲೇ ಇರುತ್ತದೆ. ಇವತ್ತು ತಲೆಯ ಮೇಲಿಂದ ಹಾದು ಹೋಗುವ ಲಿಂಕಿಗೆ ಮೂರು ವರ್ಷಕ್ಕೆ ಅದೇ ಮರ ಅಡ್ಡ ಬರಬಹುದು. ಹಾಗಾಗಿ ದಾರಿ ನೋಡುವಾಗ ಈಗಿನ ಎತ್ತರವನ್ನಲ್ಲ, ಎಳೆಯ ಮರ ಮುಂದೆ ಎಷ್ಟಾಗುತ್ತದೆ ಅನ್ನುವುದನ್ನು ನೋಡಿ. ನಾನು ಕೊನೆಗೆ ಮಾಡಿದ್ದು ರೇಡಿಯೋವನ್ನು ತೋಟದ ಮನೆಯಿಂದ 60 ಮೀಟರ್ ಪಕ್ಕಕ್ಕೆ, ನೀರಿನ ತೊಟ್ಟಿಯ ಹತ್ತಿರದ ಪಂಪ್‌ಹೌಸ್ ಮೇಲೆ ಸಾಗಿಸಿದ್ದು. ಆ ಕಡೆಗೆ ನಡುವೆ ಬರೀ ರಾಗಿ ಹೊಲ.

ಮಳೆ ಬಗ್ಗೆ ಸುಮ್ಮನೆ ಹೆದರಬೇಡಿ. ಇಷ್ಟು ದೂರಕ್ಕೆ ಜೋರು ಮಳೆ ಬಂದರೂ ಈ ಅಲೆಗೆ ಆಗುವ ನಷ್ಟ ಒಂದೆರಡು ಡಿಬಿ. ಮಳೆ ಬಂದಾಗ ಲಿಂಕು ಹೋಯಿತು ಅನ್ನುವವರ ಮನೆಯಲ್ಲಿ ನೋಡಿದರೆ ಒಂದೋ ನೆಂದ ಎಲೆ ಅಡ್ಡ ಇರುತ್ತದೆ, ಇಲ್ಲಾ ಕನೆಕ್ಟರ್ ಒಳಗೆ ನೀರು ಇರುತ್ತದೆ.

ಡಿಬಿ ಅಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ರೇಡಿಯೋದ ಪರದೆ ತುಂಬಾ ಇದೇ ಇರುತ್ತದೆ. 3 ಡಿಬಿ ಹೆಚ್ಚಾದರೆ ಶಕ್ತಿ ಎರಡರಷ್ಟು, 10 ಡಿಬಿ ಹೆಚ್ಚಾದರೆ ಹತ್ತರಷ್ಟು. ಸಿಗ್ನಲ್ ಯಾವಾಗಲೂ ಮೈನಸ್‌ನಲ್ಲಿ ಬರುತ್ತದೆ. ಸಾಲದ ಲೆಕ್ಕದ ಹಾಗೆ, ಮೈನಸ್ ಕಡಿಮೆ ಇದ್ದಷ್ಟೂ ಒಳ್ಳೆಯದು. ಮೈನಸ್ 60 ಚೆನ್ನ, ಮೈನಸ್ 80 ಬಂದರೆ ಕೆಲಸ ಕಷ್ಟ. ನಮ್ಮ ಲಿಂಕಿನ ಲೆಕ್ಕ ಹೀಗಿದೆ: ಮನೆಯಿಂದ ಹೊರಡುವುದು 36 ಡಿಬಿಎಂ (1 ಮಿಲಿವ್ಯಾಟಿಗೆ ಹೋಲಿಸಿ ಅಳೆದ ಡಿಬಿ), 3 ಕಿಲೋಮೀಟರ್ ಬರಿ ಗಾಳಿಯಲ್ಲಿ ಕಳೆದುಹೋಗುವುದು 117, ಆ ಕಡೆಯ ಡಿಶ್ ಕೂಡಿಸಿಕೊಡುವುದು 23. ಕೂಡಿ ಕಳೆದರೆ ಮೈನಸ್ 58. ನಿಮ್ಮ ಲಿಂಕಿನಲ್ಲಿ ಇಂಥ ಲೆಕ್ಕಕ್ಕಿಂತ ನಾಲ್ಕೈದು ಕಡಿಮೆ ಬಂದರೆ, ಅಂದರೆ ಮೈನಸ್ 62, 63 ಇದ್ದರೆ, ಯೋಚನೆ ಬೇಡ. ಇಪ್ಪತ್ತು ಕಡಿಮೆ ಬಂದರೆ ಏನೋ ಅಡ್ಡ ಇದೆ, ಇಲ್ಲಾ ಆಂಟೆನಾ ಸೊಟ್ಟಗಿದೆ.

ಆ 36 ಸುಮ್ಮನೆ ಬಂದ ಸಂಖ್ಯೆಯಲ್ಲ, ಕಾನೂನಿನ ಮಿತಿ ಅದು. ಕೇಂದ್ರ ಸರ್ಕಾರ 2018ರಲ್ಲಿ 5 ಗಿಗಾಹರ್ಟ್ಜ್‌ನ ಪಟ್ಟಿಗಳನ್ನು (ಬ್ಯಾಂಡ್‌ಗಳನ್ನು) ಲೈಸೆನ್ಸ್ ಇಲ್ಲದೆ ಹೊರಗಡೆಯೂ ಬಳಸಲು ಬಿಟ್ಟಿತು. ಅದರಲ್ಲಿ 5725ರಿಂದ 5875 ಮೆಗಾಹರ್ಟ್ಜ್ ಪಟ್ಟಿಯಲ್ಲಿ ಡಿಶ್‌ನ ಮುಂದೆ ಹೊರಡುವ ಒಟ್ಟು ಬಲ 36 ಡಿಬಿಎಂ, ಅಂದರೆ 4 ವ್ಯಾಟ್ ದಾಟಬಾರದು. ಡಿಶ್ 23 ಡಿಬಿ ಕೂಡಿಸುತ್ತದೆ ಅಂದರೆ ರೇಡಿಯೋದ ಒಳಗಿನ ಪವರ್ 13ಕ್ಕೆ ಇಳಿಸಬೇಕು. 13 ಡಿಬಿಎಂ ಅಂದರೆ 20 ಮಿಲಿವ್ಯಾಟ್, ಅಷ್ಟೇ! ಪವರ್ ಪೂರ್ತಿ ಏರಿಸಿಬಿಡೋಣ ಅನ್ನುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಪಕ್ಕದವರ ಲಿಂಕು ಹಾಳಾಗುತ್ತದೆ, ನಿಮ್ಮದೂ ಉದ್ಧಾರವಾಗುವುದಿಲ್ಲ. ಸಿಗ್ನಲ್ ಸಾಲದಿದ್ದರೆ ದೊಡ್ಡ ಡಿಶ್ ಹಾಕಿ. ಡಿಶ್ ದೊಡ್ಡದಾದರೆ ಮಾತಾಡುವ ಬಾಯಿ ಅಷ್ಟೇ ಅಲ್ಲ, ಕೇಳುವ ಕಿವಿಯೂ ದೊಡ್ಡದಾಗುತ್ತದೆ, ಕೇಳುವುದಕ್ಕೆ ಯಾವ ಮಿತಿಯೂ ಇಲ್ಲ. ಸೆಟ್ಟಿಂಗ್‌ನಲ್ಲಿ ದೇಶ ಭಾರತ ಅಂತಲೇ ಆರಿಸಿ, ಡಿಶ್ ಬೇರೆ ಹಾಕಿದ್ದರೆ ಅದರ ಗೇನ್ (ಡಿಶ್ ಕೂಡಿಸುವ ಡಿಬಿ) ಸರಿಯಾಗಿ ತುಂಬಿ. ಕೊಳ್ಳುವಾಗ ಆ ಮಾಡೆಲ್‌ಗೆ ಇಟಿಎ ಅನ್ನುವ ಸರ್ಕಾರದ ಒಪ್ಪಿಗೆ ಇದೆಯಾ ಅಂತಲೂ ಕೇಳಿ. ಹೊರದೇಶದಿಂದ ತರಿಸಿದ ಮಾಲಿಗೆ ಅದು ಇಲ್ಲದೆ ಇರಬಹುದು.

ಕಂಬ ಹತ್ತುವ ಮುಂಚೆ ಎಲ್ಲ ಸೆಟ್ಟಿಂಗ್ ಮೇಜಿನ ಮೇಲೆ ಮುಗಿಸಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆ. ಲ್ಯಾಪ್‌ಟಾಪ್ ಒಂದು ಕೈಲಿ, ಏಣಿ ಇನ್ನೊಂದು ಕೈಲಿ ಹಿಡಿದು ಪಾಸ್‌ವರ್ಡ್ ಹೊಡೆಯುವ ಸ್ಥಿತಿ ಯಾರಿಗೂ ಬೇಡ. ಒಂದನ್ನು ಆಕ್ಸೆಸ್ ಪಾಯಿಂಟ್ (ಲಿಂಕು ಕೊಡುವುದು), ಇನ್ನೊಂದನ್ನು ಸ್ಟೇಷನ್ (ಅದಕ್ಕೆ ಸೇರಿಕೊಳ್ಳುವುದು) ಮಾಡಿ. ಎರಡಕ್ಕೂ ಬೇರೆ ಬೇರೆ ಐಪಿ ವಿಳಾಸ ಕೊಟ್ಟು ಅದನ್ನು ಚೀಟಿಯಲ್ಲಿ ಬರೆದು ಡಬ್ಬದೊಳಗೇ ಅಂಟಿಸಿ. ಕಂಪನಿಯ ಪಾಸ್‌ವರ್ಡ್ ಬದಲಿಸಿ, ಇಲ್ಲದಿದ್ದರೆ ದಾರಿಹೋಕರೂ ನಿಮ್ಮ ಕ್ಯಾಮೆರಾ ನೋಡಬಹುದು. ಚಾನಲ್ ಅಗಲ 20 ಮೆಗಾಹರ್ಟ್ಜ್ ಇಡಿ, 80 ಅಲ್ಲ. ಅಗಲ ಜಾಸ್ತಿಯಾದರೆ ವೇಗ ಹೆಚ್ಚು ನಿಜ, ಆದರೆ ಗದ್ದಲವನ್ನೂ ಅಷ್ಟೇ ಅಗಲವಾಗಿ ಕೇಳಿಸಿಕೊಳ್ಳುತ್ತದೆ. ನಾಲ್ಕು ಕ್ಯಾಮೆರಾಗೆ 20 ಧಾರಾಳ. ಮೇಜಿನ ಮೇಲೆ ಪರೀಕ್ಷೆ ಮಾಡುವಾಗ ಎರಡನ್ನೂ ಮುಖಾಮುಖಿ ಇಡಬೇಡಿ, ಪವರ್ ಕನಿಷ್ಠಕ್ಕೆ ಇಳಿಸಿ. ಕಿವಿಯ ಹತ್ತಿರ ಬಂದು ಕೂಗಿದರೆ ಮಾತು ಅರ್ಥವಾಗುತ್ತದಾ ಹೇಳಿ?

ಕೇಬಲ್ಲಿನಲ್ಲಿ ಕಂಜೂಸ್‌ತನ ಮಾಡಬೇಡಿ. ರೇಡಿಯೋಗೆ ಕರೆಂಟು, ಡೇಟಾ ಎರಡೂ ಹೋಗುವುದು ಒಂದೇ ಲ್ಯಾನ್ ಕೇಬಲ್ಲಿನಲ್ಲಿ, ಇದಕ್ಕೆ ಪಿಒಇ ಅನ್ನುತ್ತಾರೆ. ಹೊರಗಡೆ ಹಾಕುವ ಕಪ್ಪು ಕೇಬಲ್ಲೇ ಬೇಕು, ಒಳಗಡೆಯ ಬೂದು ಕೇಬಲ್ ನಮ್ಮ ಬಿಸಿಲಿಗೆ ಎರಡು ವರ್ಷದಲ್ಲಿ ಹಪ್ಪಳದ ಹಾಗೆ ಒಡೆಯುತ್ತದೆ. ಪೂರ್ತಿ ತಾಮ್ರದ್ದೇ ಕೇಳಿ. ಅಲ್ಯುಮಿನಿಯಂಗೆ ತಾಮ್ರ ಬಳಿದ ಅಗ್ಗದ ಕೇಬಲ್ ಉದ್ದಕ್ಕೆ ಹಾಕಿದರೆ ವೋಲ್ಟೇಜು ದಾರಿಯಲ್ಲೇ ಸೋರಿ ರೇಡಿಯೋ ಪದೇ ಪದೇ ಆಫ್ ಆಗಿ ಆನ್ ಆಗುತ್ತದೆ. ಉದ್ದ 100 ಮೀಟರ್ ಮೀರಬಾರದು. ಪಿಒಇ ಅಡಾಪ್ಟರ್‌ಗಳಲ್ಲೂ 24 ವೋಲ್ಟ್, 48 ವೋಲ್ಟ್ ಅಂತ ಬೇರೆ ಬೇರೆ ಇವೆ, ರೇಡಿಯೋ ಜೊತೆ ಬಂದದ್ದನ್ನೇ ಬಳಸಿ. ಕೆಲವು ಅಡಾಪ್ಟರ್ ಆ ಕಡೆ ಏನಿದೆ ಅಂತ ಕೇಳದೆ ಸೀದಾ ಕರೆಂಟು ತಳ್ಳುತ್ತವೆ, ಅದನ್ನು ಲ್ಯಾಪ್‌ಟಾಪಿಗೆ ಚುಚ್ಚಿದರೆ ಪೋರ್ಟ್ ಸುಡಬಹುದು. ರೇಡಿಯೋದ ಪೋರ್ಟ್ ಕೆಳಮುಖವಾಗಿರಲಿ. ಕೇಬಲ್ ಗೋಡೆಯೊಳಗೆ ಹೋಗುವ ಮುಂಚೆ ಒಮ್ಮೆ ಕೆಳಗೆ ಜೋತು ಬಿದ್ದು ಆಮೇಲೆ ಮೇಲೆ ಹೋಗಲಿ, ಆಗ ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಬರುವುದಿಲ್ಲ. ದೇವರಾಯನದುರ್ಗದ ಕಡೆಯವರಿಗೆ ಮತ್ತೊಂದು ಎಚ್ಚರಿಕೆ, ಕೋತಿ! ಪೈಪಿನೊಳಗೆ ಹಾಕದ ಕೇಬಲ್ ಅವಕ್ಕೆ ಆಟದ ಸಾಮಾನು.

ಇನ್ನು ಕಂಬ. ತೆಂಗಿನ ಮರಕ್ಕೇ ಕಟ್ಟಿಬಿಡೋಣ ಅಂದರು ಚಿಕ್ಕಪ್ಪ, ಪುಕ್ಕಟೆ ಕಂಬ ಅಲ್ವಾ? ಮರ ತೂಗುತ್ತದೆ, ಡಿಶ್‌ನ ಗುರಿ ತಪ್ಪುತ್ತದೆ, ಸಿಡಿಲು ಮೊದಲು ಹುಡುಕುವುದೂ ಅದನ್ನೇ. ಆರ್‌ಸಿಸಿ ಮೇಲ್ಛಾವಣಿಗೆ ಬಿಗಿದ ಎರಡು ಇಂಚಿನ ಜಿಐ ಪೈಪು, ಉದ್ದ ಜಾಸ್ತಿಯಾದರೆ ಮೂರು ದಿಕ್ಕಿಗೆ ತಂತಿ ಎಳೆದು ಬಿಗಿದರೆ ಸರಿ. ಆದರೆ ಪೈಪು ಎತ್ತುವ ಮುಂಚೆ ತಲೆ ಎತ್ತಿ ನೋಡಿ. ನಮ್ಮ ಊರುಗಳಲ್ಲಿ ಐಪಿ ಸೆಟ್ಟಿಗೆ (ನೀರಾವರಿ ಪಂಪಿಗೆ) ಹೋಗುವ ಲೈನು, ಟಿಸಿಗೆ (ಟ್ರಾನ್ಸ್‌ಫಾರ್ಮರ್‌ಗೆ) ಬರುವ 11 ಸಾವಿರ ವೋಲ್ಟಿನ ಲೈನು ತೋಟದ ನಡುವೆಯೇ ಹಾದುಹೋಗಿರುತ್ತದೆ, ಆ ತಂತಿಗೆ ಹೊದಿಕೆ ಇರುವುದಿಲ್ಲ. ನಿಯಮ ಒಂದೇ: ಕಂಬ ಯಾವ ಕಡೆಗೆ ಉರುಳಿಬಿದ್ದರೂ ತಂತಿಗೆ ತಾಗಬಾರದು, ಅದರ ಮೇಲೆ ಇನ್ನಷ್ಟು ಅಂತರ ಉಳಿಯಬೇಕು. ಆರು ಮೀಟರ್ ಪೈಪನ್ನು ಇಬ್ಬರು ಎತ್ತುವಾಗ ಅದು ಎತ್ತ ವಾಲುತ್ತದೆ ಅನ್ನುವುದು ನಮ್ಮ ಕೈಲಿ ಇರುವುದಿಲ್ಲ. ಅಂಥ ಜಾಗ ಬಿಟ್ಟು ಬೇರೆ ಜಾಗ ಹುಡುಕಿ, ಇಲ್ಲವೇ ಬೆಸ್ಕಾಂನವರಿಗೆ ಹೇಳಿ ಲೈನ್ ಆಫ್ ಮಾಡಿಸಿಯೇ ಎತ್ತಿ. ಕರೆಂಟ್ ಹೋಗಿದೆ, ಬೇಗ ಬೇಗ ಎತ್ತಿಬಿಡೋಣ ಅನ್ನುವ ಜಾಣತನ ಬೇಡ, ಹೋದ ಕರೆಂಟು ಹೇಳಿ ಬರುವುದಿಲ್ಲ. ಮೇಲೆ ಹತ್ತುವವರಿಗೆ ಸೊಂಟದ ಹಗ್ಗ ಸಾಲದು, ಭುಜ ತೊಡೆ ಎರಡನ್ನೂ ಹಿಡಿಯುವ ಹಾರ್ನೆಸ್ ಬೇಕು. ಕೆಳಗೆ ನಿಂತವರು ನೇರ ಕೆಳಗೆ ನಿಲ್ಲಬಾರದು, ಸ್ಪ್ಯಾನರ್ ಬಿದ್ದರೆ ತಲೆಗೇ ಬೀಳುತ್ತದೆ.

ಗುರಿ ಹಿಡಿಯುವುದು ಖುಷಿಯ ಕೆಲಸ, ತಾಳ್ಮೆ ಇದ್ದರೆ. ಮನೆ ಮೇಲೆ ನಾನು, ತೋಟದಲ್ಲಿ ತಮ್ಮ, ಅವನ ಫೋನಿಗೆ ಟವರ್ ಬೇಕಲ್ಲ ಅಂತ ಕಣದ ತುದಿಯಲ್ಲಿ ಚಿಕ್ಕಪ್ಪ ನಿಂತು ಅಲ್ಲಿಂದ ಕೂಗಿ ಹೇಳುವ ವ್ಯವಸ್ಥೆ! ಮೊದಲು ಸ್ಯಾಟಲೈಟ್ ನಕ್ಷೆಯಲ್ಲಿ ಎರಡೂ ಜಾಗಕ್ಕೆ ಗೆರೆ ಎಳೆದು, ದಾರಿಯಲ್ಲಿ ಸಿಗುವ ಒಂದು ಗುರುತು ಹಿಡಿದುಕೊಳ್ಳಿ. ನಮಗೆ ಸಿಕ್ಕಿದ್ದು ಒಂದು ದೇವಸ್ಥಾನದ ಗೋಪುರ. ಒಬ್ಬರು ಅಲುಗಾಡಿಸುವಾಗ ಇನ್ನೊಬ್ಬರು ಮುಟ್ಟಬಾರದು. ನಿಧಾನಕ್ಕೆ ಎಡದಿಂದ ಬಲಕ್ಕೆ ತಿರುಗಿಸಿ, ಒಂದೊಂದು ಡಿಗ್ರಿಗೂ ನಿಂತು ಸಂಖ್ಯೆ ನೋಡಿ, ಯಾಕೆಂದರೆ ಪರದೆ ಒಂದೆರಡು ಸೆಕೆಂಡ್ ತಡವಾಗಿ ಬದಲಾಗುತ್ತದೆ. ಇಲ್ಲೊಂದು ಮೋಸವಿದೆ. ಡಿಶ್‌ನ ಮುಖ್ಯ ಬೆಳಕಿನ ಪಕ್ಕದಲ್ಲಿ ಸಣ್ಣ ಸಣ್ಣ ಬೆಳಕುಗಳೂ ಇರುತ್ತವೆ. ಅಂಥದ್ದರಲ್ಲಿ ಸಿಕ್ಕಿಬಿದ್ದರೆ ಸಂಖ್ಯೆ ಏರಿದ ಹಾಗೆ ಕಾಣುತ್ತದೆ, ಆದರೆ ನಿಜವಾದ ಶಿಖರ ಇನ್ನೂ ಪಕ್ಕದಲ್ಲಿರುತ್ತದೆ. ಹಾಗಾಗಿ ಸಿಕ್ಕಿತು ಅಂತ ನಿಲ್ಲಿಸದೆ ಆಚೆ ಈಚೆ ಪೂರ್ತಿ ಸುತ್ತಿ ನೋಡಿ. ಎಡಬಲ ಆದ ಮೇಲೆ ಮೇಲೆಕೆಳಗೆ. ಲೆಕ್ಕದ ಸಂಖ್ಯೆಯ ಹತ್ತಿರ ಬಂತೋ, ಬಿಗಿಯಿರಿ. ಬಿಗಿಯುವಾಗಲೂ ಸಂಖ್ಯೆ ನೋಡುತ್ತಿರಿ, ನಟ್ಟು ತಿರುಗಿಸುವಾಗ ಡಿಶ್ ಕೂಡ ಸ್ವಲ್ಪ ತಿರುಗಿಬಿಡುತ್ತದೆ.

ಈಗ ಸಿಡಿಲು. ನನಗೆ ದುಬಾರಿ ಪಾಠ ಆದದ್ದು ಇದೇ. ಕಂಬ ನಿಲ್ಲಿಸಿಕೊಟ್ಟವರು ಅರ್ಥಿಂಗ್ ಬೇಡ ಸಾರ್, ಸಣ್ಣ ರೇಡಿಯೋ ಅಂದರು, ನಾನೂ ತಲೆಯಾಡಿಸಿದೆ. ಏಪ್ರಿಲ್ ಕೊನೆ, ಭರಣಿ ಮಳೆ. ಸಿಡಿಲು ಬಿದ್ದದ್ದು ನಮ್ಮ ಕಂಬಕ್ಕಲ್ಲ, ಪಕ್ಕದ ತೋಟದ ತೆಂಗಿನ ಮರಕ್ಕೆ. ಆದರೂ ನಮ್ಮ ರೇಡಿಯೋ, ಅಡಾಪ್ಟರ್, ನೆಟ್‌ವರ್ಕ್ ಸ್ವಿಚ್, ಕ್ಯಾಮೆರಾ ರೆಕಾರ್ಡರ್ ನಾಲ್ಕೂ ಒಟ್ಟಿಗೆ ಹೋದವು. ಹತ್ತಿರದಲ್ಲಿ ಸಿಡಿಲು ಬಿದ್ದರೆ ಸಾಕು, ಉದ್ದನೆಯ ಕೇಬಲ್ಲಿನಲ್ಲಿ ತಾನಾಗೇ ವೋಲ್ಟೇಜು ಹುಟ್ಟುತ್ತದೆ. ಅದಕ್ಕೆ ಮಣ್ಣಿಗೆ ಇಳಿಯಲು ದಾರಿ ಇರದಿದ್ದರೆ ನಿಮ್ಮ ಸಾಮಾನಿನೊಳಗೇ ದಾರಿ ಮಾಡಿಕೊಳ್ಳುತ್ತದೆ.

ಹಾಗಾಗಿ ಕಂಬದಿಂದ ದಪ್ಪ ತಾಮ್ರದ ತಂತಿ ಸೀದಾ ಕೆಳಗೆ, ಆದಷ್ಟು ಬಾಗಿಲ್ಲದೆ, ಅರ್ಥಿಂಗ್ ಗುಂಡಿಗೆ. ಲ್ಯಾನ್ ಕೇಬಲ್ಲಿಗೆ ಎರಡು ತುದಿಯಲ್ಲೂ ಸರ್ಜ್ ಪ್ರೊಟೆಕ್ಟರ್ (ತಟ್ಟನೆ ಏರಿದ ವೋಲ್ಟೇಜನ್ನು ಅರ್ಥ್‌ಗೆ ಇಳಿಸುವ ಸಾಮಾನು), ಒಂದು ರೇಡಿಯೋ ಹತ್ತಿರ, ಇನ್ನೊಂದು ಕೇಬಲ್ ಮನೆಯೊಳಗೆ ಹೋಗುವ ಜಾಗದಲ್ಲಿ, ಎರಡಕ್ಕೂ ಅರ್ಥ್ ತಂತಿ. ಅರ್ಥ್ ಕೊಡದ ಸರ್ಜ್ ಪ್ರೊಟೆಕ್ಟರ್ ಬರೀ ಅಲಂಕಾರ. ಜನ ತಪ್ಪು ಮಾಡುವುದು ಇಲ್ಲಿ: ಕಂಬಕ್ಕೆ ಬೇರೆ ಗುಂಡಿ ತೋಡಿ, ಮನೆಯ ಅರ್ಥಿಂಗ್‌ಗೂ ಅದಕ್ಕೂ ಸಂಬಂಧವೇ ಇಲ್ಲದ ಹಾಗೆ ಬಿಟ್ಟುಬಿಡುತ್ತಾರೆ. ಸಿಡಿಲಿನ ಕರೆಂಟು 30,000 ಆಂಪಿಯರ್ ಅಂತಿಟ್ಟುಕೊಳ್ಳಿ, ಗುಂಡಿಯ ತಡೆ 10 ಓಮ್. ಗುಣಿಸಿದರೆ 3 ಲಕ್ಷ ವೋಲ್ಟ್. ಆ ಹೊತ್ತಿಗೆ ಕಂಬದ ಅರ್ಥ್ 3 ಲಕ್ಷದಲ್ಲಿ, ಮನೆಯ ಅರ್ಥ್ ಸೊನ್ನೆಯಲ್ಲಿ, ಎರಡನ್ನೂ ಜೋಡಿಸಿರುವುದು ನಿಮ್ಮ ಬಡಪಾಯಿ ಲ್ಯಾನ್ ಕೇಬಲ್. ಎರಡೂ ಗುಂಡಿಗಳನ್ನು ದಪ್ಪ ತಂತಿಯಿಂದ ಒಂದಕ್ಕೊಂದು ಸೇರಿಸಿದರೆ ಎಲ್ಲವೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ, ಈ ವ್ಯತ್ಯಾಸ ತುಂಬಾ ಕಡಿಮೆಯಾಗುತ್ತದೆ. ನಮ್ಮ ಒಣ ಕೆಂಪುಮಣ್ಣು, ಕೆಳಗೆ ಬಂಡೆ, ಅರ್ಥಿಂಗ್‌ಗೆ ಒಳ್ಳೆಯ ನೆಲವಲ್ಲ. ಬೇಸಿಗೆಯಲ್ಲಿ ಗುಂಡಿಗೆ ಆಗಾಗ ನೀರು ಹಾಕಬೇಕು, ಸಿಡಿಲಿನ ಕಾಲವೂ ಅದೇ ಅಲ್ವಾ. ಈ ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ.

ನೇರ ಕಂಬಕ್ಕೇ ಬಿದ್ದರೆ? ಆಗ ಯಾವ ಸರ್ಜ್ ಪ್ರೊಟೆಕ್ಟರೂ ರೇಡಿಯೋವನ್ನು ಉಳಿಸುತ್ತದೆ ಅಂತ ನಂಬಬೇಡಿ. ಅರ್ಥಿಂಗ್ ಇರುವುದು ಮನೆ, ಮನುಷ್ಯರು ಉಳಿಯಲಿ ಅಂತ. ಗುಡುಗು ಕೇಳುವ ಮುಂಚೆಯೇ, ಮೋಡ ಕಟ್ಟಿದಾಗ ಅಡಾಪ್ಟರ್ ಪ್ಲಗ್ ಮತ್ತು ಲ್ಯಾನ್ ಎರಡನ್ನೂ ಕಿತ್ತಿಡಿ. ಒಮ್ಮೆ ಗುಡುಗು ಕೇಳಿದ ಮೇಲೆ ಕೇಬಲ್ ಮುಟ್ಟಬೇಡಿ, ಮೇಲ್ಛಾವಣಿಗಂತೂ ಹೋಗಲೇಬೇಡಿ, ಕೊನೆಯ ಗುಡುಗಾಗಿ ಅರ್ಧ ಗಂಟೆ ಕಳೆಯಲಿ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ಸಿಡಿಲು' ಆ್ಯಪ್, ಪುಣೆಯ ಹವಾಮಾನ ಸಂಸ್ಥೆಯ 'ದಾಮಿನಿ' ಆ್ಯಪ್ ಎರಡೂ ಇದಕ್ಕೆಂದೇ ಇವೆ. ಪೇಟೆ ಮನೆಯಲ್ಲಿ ನಾನು ಇನ್ನೊಂದು ಉಪಾಯ ಮಾಡಿದೆ. ಹೊರಗಿನ ರೇಡಿಯೋಗೂ ಮನೆಯ ರೂಟರ್‌ಗೂ ನಡುವೆ ಎರಡು ಮೀಡಿಯಾ ಕನ್ವರ್ಟರ್ (ಲ್ಯಾನ್ ಡೇಟಾವನ್ನು ಬೆಳಕಾಗಿ, ಬೆಳಕನ್ನು ಮತ್ತೆ ಲ್ಯಾನ್ ಡೇಟಾವಾಗಿ ಬದಲಿಸುವ ಡಬ್ಬಿ) ಇಟ್ಟು, ಮಧ್ಯೆ ಎರಡು ಮೀಟರ್ ಫೈಬರ್. ಗಾಜಿನ ಎಳೆಯಲ್ಲಿ ಡೇಟಾ ಹೋಗುತ್ತದೆ, ಕರೆಂಟು ಹೋಗುವುದಿಲ್ಲ. ಅಡಾಪ್ಟರ್ ಪ್ಲಗ್ಗಿನ ದಾರಿ ಮಾತ್ರ ತೆರೆದೇ ಇರುತ್ತದೆ, ಅದಕ್ಕೂ ಸರ್ಜ್ ರಕ್ಷಣೆ ಬೇಕು.

ಚಿಕ್ಕಮ್ಮ ಕೇಳಿದ್ದು ಬೇರೆ ಪ್ರಶ್ನೆ: "ಇದ್ರಿಂದ ಮಕ್ಳಿಗೆ ಏನೂ ಆಗಲ್ವಾ?" ಕೇಳಬೇಕಾದ ಪ್ರಶ್ನೆಯೇ. ಈ ಅಲೆ ಎಕ್ಸ್‌ರೇ ಥರದ್ದಲ್ಲ, ತೀರಾ ಹತ್ತಿರ, ತೀರಾ ಜಾಸ್ತಿ ಇದ್ದರೆ ಬಿಸಿ ಮಾಡುತ್ತದೆ, ಅದು ಅದರ ಗುಣ. ಡಿಶ್‌ನ ಎದುರಿಗೆ ಒಂದು ಮೀಟರ್ ದೂರದಲ್ಲಿ 4 ವ್ಯಾಟ್ ಬಲ ಹರಡಿ ಚದರ ಮೀಟರಿಗೆ 0.32 ವ್ಯಾಟ್ ಆಗುತ್ತದೆ. ಸಾರ್ವಜನಿಕರಿಗೆ ಅಂತರರಾಷ್ಟ್ರೀಯ ಮಿತಿ 10 ವ್ಯಾಟ್. ಮೊಬೈಲ್ ಟವರ್‌ಗಳಿಗೆ ಭಾರತ 2012ರಲ್ಲಿ ಅದರ ಹತ್ತನೇ ಒಂದು ಭಾಗವನ್ನೇ ಮಿತಿ ಅಂತ ಇಟ್ಟಿತ್ತು, ಅಂದರೆ 1 ವ್ಯಾಟ್. ಆ ಬಿಗಿ ಮಿತಿಗೂ ನಾವು ಒಳಗೇ ಇದ್ದೇವೆ. ಹತ್ತಿರ ಹೋದಷ್ಟೂ ಇದು ಬೇಗ ಏರುತ್ತದೆ, ಹಾಗಾಗಿ ಡಿಶ್‌ನ ಮುಖ ಬಟ್ಟೆ ಒಣಗಿಸುವ ಜಾಗದ ಕಡೆ ಇರದಿರಲಿ, ಯಾರ ಕೈಗೂ ಎಟುಕದ ಎತ್ತರದಲ್ಲಿರಲಿ, ರಿಪೇರಿಗೆ ಹತ್ತುವಾಗ ಪವರ್ ತೆಗೆದೇ ಹತ್ತಿ.

ತೋಟದಲ್ಲಿ ಕರೆಂಟಿನ ಲೆಕ್ಕ ಹೀಗೆ. ರೇಡಿಯೋ 8 ವ್ಯಾಟ್ ಅಂದರೆ ದಿನಕ್ಕೆ 192 ವ್ಯಾಟ್ ಅವರ್. 12 ವೋಲ್ಟ್ 40 ಆಂಪಿಯರ್ ಅವರ್ ಬ್ಯಾಟರಿಯಲ್ಲಿ 480 ಇರುತ್ತದೆ, ಅರ್ಧಕ್ಕಿಂತ ಹೆಚ್ಚು ಹೀರಬಾರದು ಅಂದುಕೊಂಡರೂ ಒಂದು ದಿನ ದಾಟುತ್ತದೆ. 100 ವ್ಯಾಟ್ ಸೋಲಾರ್ ಪ್ಯಾನೆಲ್ ಬಿಸಿಲಿದ್ದರೆ ಆರಾಮಾಗಿ ತುಂಬಿಸುತ್ತದೆ. ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕೇ ಇದೆ, ನಮ್ಮ ಜಿಲ್ಲೆಯ ಬಿಸಿಲಿನ ಬಗ್ಗೆ ಅನುಮಾನ ಬೇಡ. ಕ್ಯಾಮೆರಾಗಳ ಲೆಕ್ಕ ಬೇರೆ ಕೂಡಿಸಿಕೊಳ್ಳಿ.

ಪಕ್ಕದ ತೋಟದವರು ನಮಗೂ ಒಂದು ಲಿಂಕು ಕೊಡಿ, ತಿಂಗಳಿಗೆ ಇಷ್ಟು ಕೊಡುತ್ತೇವೆ ಅಂದರು. ಒಪ್ಪಲಿಲ್ಲ. ಸ್ವಂತ ಮನೆಯಿಂದ ಸ್ವಂತ ತೋಟಕ್ಕೆ ಹಾಕಿಕೊಳ್ಳುವುದು ಬೇರೆ, ದುಡ್ಡು ತೆಗೆದುಕೊಂಡು ಇಂಟರ್ನೆಟ್ ಹಂಚುವುದು ಬೇರೆ, ಅದಕ್ಕೆ ಲೈಸೆನ್ಸ್ ಬೇಕು.

ರೇಡಿಯೋ ಹಾಕಿ ಈಗ ಎರಡನೇ ವರ್ಷ. ಯುಗಾದಿ ಮುಗಿದ ವಾರ ಒಂದು ದಿನ ಇದಕ್ಕೆ ಮೀಸಲು: ನಟ್ಟು ಬಿಗಿ ಇದೆಯಾ, ಅರ್ಥ್ ತಂತಿಯ ಜೋಡಣೆ ಹಸಿರು ಕಟ್ಟಿದೆಯಾ, ಕನೆಕ್ಟರ್ ಟೇಪು ಬಿಚ್ಚಿಕೊಂಡಿದೆಯಾ, ಡಿಶ್ ಹಿಂದೆ ಕಣಜ ಗೂಡು ಕಟ್ಟಿದೆಯಾ ಅಂತ ನೋಡುತ್ತೇನೆ. ಕಣಜ ಇದ್ದರೆ ಅವತ್ತು ಹತ್ತುವುದಿಲ್ಲ. ಈ ಸಲ ಸಿಗ್ನಲ್ ಮೈನಸ್ 61 ಇದ್ದದ್ದು 66ಕ್ಕೆ ಇಳಿದಿತ್ತು. ಎಲ್ಲ ಬಿಗಿಯಾಗಿಯೇ ಇತ್ತು, ಹೊಲದಲ್ಲಿ ರಾಗಿಯೂ ಇರಲಿಲ್ಲ. ಟ್ಯಾಂಕಿನ ಮೇಲೆ ಹತ್ತಿ ನೋಡಿದರೆ ಹೊಲದ ಬದುವಿನಲ್ಲಿ ಯಾರೋ ನೆಟ್ಟ ಸಿಲ್ವರ್ ಓಕ್ ಸಾಲು ಮೃದಂಗದ ಹೊಟ್ಟೆಗೆ ತಲೆ ಹಾಕಿತ್ತು. ತೋಟದ ಕಡೆಯ ಪೈಪಿಗೆ ಇನ್ನೆರಡು ಮೀಟರ್ ಸೇರಿಸಬೇಕು, ಅದಕ್ಕೆ ಮುಂಚೆ ಆ ಬದುವಿನವರ ಹತ್ತಿರ ಮಾತಾಡಿ ಬರುತ್ತೇನೆ ಅಂತ ಚಿಕ್ಕಪ್ಪ ಹೋಗಿದ್ದಾರೆ.